ರೆಜಿನಕ್ಕ ಮಲಗಿದ್ದ ಜಾಗ

ಬೀರೂರು

ಸಿಟ್ಟಿನಲ್ಲಿ ಏನನ್ನೂ ಬರೆಯಬಾರದು ಎಂದು ಕಡೂರಿನ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಹೇಳಿದವಳು ನಾನು. ಅದಕ್ಕೇ ಜರ್ಮನಿಯಿಂದ ಬಂದ ಮೇಲೆ ಸಿಟ್ಟು ಇಳಿಯಲಿ ಎಂದು ಕಾದೆ. ಯುಗಾದಿ ಕಳೆಯಿತು, ಮಳೆ ಹಿಡಿಯಿತು, ಅದು ಇಳಿಯುವ ಲಕ್ಷಣ ಕಾಣಲಿಲ್ಲ. ಆದ್ದರಿಂದ ಹಾಗೇ ಬರೆಯುತ್ತಿದ್ದೇನೆ. ಅಲ್ಲಿನ ನದಿ, ಕೋಟೆ, ದ್ರಾಕ್ಷಿ ತೋಟಗಳ ಸೊಗಸು ಬೇಕಾದವರು ದಯವಿಟ್ಟು ಬೇರೆಯವರ ಪುಸ್ತಕ ತೆಗೆದುಕೊಳ್ಳಿ. ನಾವು ಹೋಗಿದ್ದು ಒಂದು ಗೋರಿ ನೋಡಲು.

ನಾವು ಎಂದರೆ ನಾನು ಮತ್ತು ಫಿಲೋಮಿನಾ. ಬೀರೂರಿನಲ್ಲಿ ನಮ್ಮಪ್ಪನ ಕೊಬ್ಬರಿ ಮಂಡಿಯ ಹಿಂದಿನ ಓಣಿಯಲ್ಲಿ ಅವರ ಮನೆ. ಅವಳಪ್ಪ ಅಂತೋಣಪ್ಪ ರೈಲ್ವೆಯಲ್ಲಿದ್ದವರು. ನಾವು ವಿಭೂತಿ ಹಚ್ಚಿ ಲಿಂಗ ಕಟ್ಟಿಕೊಳ್ಳುವ ಜನ, ಅವರು ಕೊರಳಿಗೆ ಶಿಲುಬೆ ಹಾಕಿಕೊಳ್ಳುವ ಜನ. ಒಂದನೇ ಕ್ಲಾಸಿನಿಂದ ಇಂದಿನವರೆಗೆ ನಾನು ಕೂಗಾಡುವುದು, ಅವಳು ಸುಮ್ಮನಿರುವುದು, ಇದೇ ನಮ್ಮ ಸ್ನೇಹ. ಹೊಲಿಗೆ ಶಾಲೆ ನಡೆಸಿ ಅರ್ಧ ಊರಿನ ಹೆಂಗಸರಿಗೆ ರವಿಕೆ ಹೊಲಿದುಕೊಟ್ಟ ಈಕೆ ಯಾರಿಗಾದರೂ ಎದುರು ಮಾತಾಡಿದ್ದನ್ನು ನಾನು ಕಂಡವಳಲ್ಲ.

ಅವಳ ಅಕ್ಕ ರೆಜಿನಾ, ನಮಗೆಲ್ಲ ರೆಜಿನಕ್ಕ. ಕಾನ್ವೆಂಟಿನ ಸಿಸ್ಟರುಗಳ ಜೊತೆ ನರ್ಸಿಂಗ್ ಕಲಿಯಲೆಂದು ಚಿಕ್ಕ ವಯಸ್ಸಿನಲ್ಲೇ ಜರ್ಮನಿಗೆ ಹೋದವಳು ಅಲ್ಲೇ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಉಳಿದುಬಿಟ್ಟಳು. ಮದುವೆಯಾಗಲಿಲ್ಲ. ಅವಳು ಕಳಿಸಿದ ಉಣ್ಣೆ ಸ್ವೆಟರುಗಳನ್ನು ಬೀರೂರಿನ ಬಿಸಿಲಿನಲ್ಲಿ ಹಾಕಿಕೊಂಡು ಬೆವರಿದ ಮಕ್ಕಳಲ್ಲಿ ನಾನೂ ಒಬ್ಬಳು. ಒಮ್ಮೆ ರಜೆಗೆ ಬಂದಾಗ ನಮ್ಮಜ್ಜಿಯ ಕಾಲಿನ ಹುಣ್ಣನ್ನು ದಿನಾ ಬಂದು ತೊಳೆದು ಕಟ್ಟಿದಳು. ಬೇರೆಯವರ ಮನೆಯ ನೀರು ಮುಟ್ಟದ ಅಜ್ಜಿ, ಹುಣ್ಣು ಮಾಯ್ದ ದಿನ ರೆಜಿನಕ್ಕನ ಹಣೆಗೆ ತನ್ನ ಕೈಯಾರೆ ವಿಭೂತಿ ಹಚ್ಚಿದಳು. ರೆಜಿನಕ್ಕ ಅದನ್ನು ಒರೆಸಿಕೊಳ್ಳದೆ ಹಾಗೇ ಚರ್ಚಿಗೆ ಹೋದಳು.

ಆಮೇಲೆ ಅವಳು ಬರಲಿಲ್ಲ. ಕಾಯಿಲೆಯಾಗಿ ಅಲ್ಲೇ ತೀರಿಕೊಂಡಳು ಎಂಬ ಸುದ್ದಿ ಬಂತು. ಜೊತೆಗೊಂದು ಫೋಟೊ. ಹಿಂದೆ ಇಟ್ಟಿಗೆ ಗೋಡೆ, ಪಕ್ಕದಲ್ಲಿ ಸೊಟ್ಟಗೆ ಬೆಳೆದ ಒಂದು ಮರ, ಬೂದು ಕಲ್ಲಿನ ಮೇಲೆ ಅವಳ ಹೆಸರು. ಅವರಮ್ಮ ಬದುಕಿದ್ದಷ್ಟು ದಿನ ಆ ಫೋಟೊದ ಮುಂದೆ ಜಪಸರ ಹಿಡಿದು ಕೂರುತ್ತಿದ್ದರು.

“ಅವಳ ಮಣ್ಣಿನ ಮೇಲೆ ನಮ್ಮೋರ ಕಣ್ಣೀರು ಒಂದು ಹನೀನೂ ಬಿದ್ದಿಲ್ಲ ಕಣೇ ಗಿರಿಜಾ,” ಎಂದಳು ಫಿಲೋಮಿನಾ ಒಂದು ದಿನ. “ಸಾಯೋದ್ರೊಳಗೆ ಒಂದ್ಸಲ ಅಲ್ಲಿ ಮಂಡಿಯೂರಿ ಬತ್ತೀನಿ. ನಿಂಗೆ ಇಂಗ್ಲಿಷ್ ಬತ್ತದೆ. ಜತೆಗೆ ಬಾ.”

ಅವಳು ಏನನ್ನಾದರೂ ಕೇಳಿದ್ದು ಅದೇ ಮೊದಲು. ಇಲ್ಲ ಎನ್ನಲು ನಾನೇನು ಕಲ್ಲೇ? ಅವರ ಸತ್ತವರ ಹಬ್ಬ ನವೆಂಬರ್ ಮೊದಲಲ್ಲಿ ಬರುತ್ತದೆ. ಆ ಹೊತ್ತಿಗೆ ಅಲ್ಲಿರುವಂತೆ ಹೊರಟೆವು.

ಸೇವಂತಿಗೆ ಕುಂಡ

ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಒಳ್ಳೆಯವರೂ ಇದ್ದಾರೆ, ಅವರ ಮೇಲೆ ನನ್ನ ಸಿಟ್ಟು ಬೀಳುವುದು ಬೇಡ. ನಾವು ಇಳಿದುಕೊಂಡ ಮನೆಯ ಯಜಮಾನಿಯೇ ಒಳ್ಳೆಯವಳು. ನನಗಿಂತ ನಾಲ್ಕಾರು ವರ್ಷ ಹಿರಿಯಳಿರಬೇಕು, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು.

ಬರಿಗೈಲಿ ಒಬ್ಬರ ಮನೆಗೆ ಹೋಗುವುದೆಂತು? ಸ್ಟೇಷನ್ ಎದುರಿನ ಹೂವಿನಂಗಡಿಯಲ್ಲಿ ಎದೆಯಗಲದ ಸೇವಂತಿಗೆ ಕುಂಡ ಕಂಡಿತು. ನಮ್ಮ ಕಡೂರು ಸೀಮೆಯ ಹೊಲದಲ್ಲಿ ಅಂಥ ಹಳದಿ ಸೇವಂತಿಗೆ ಬೆಳೆದರೆ ಮಾರು ಹಾಕಿ ದೇವರಿಗೆ ಮುಡಿಸುತ್ತೇವೆ, ಮದುವೆ ಚಪ್ಪರಕ್ಕೆ ಕಟ್ಟುತ್ತೇವೆ. ಹೆಮ್ಮೆಯಿಂದ ಕುಂಡವನ್ನು ಅಪ್ಪಿಕೊಂಡು ಹೋಗಿ ಯಜಮಾನಿಯ ಕೈಗೆ ಕೊಟ್ಟೆ. ಆಕೆಯ ಮುಖ ಬಿಳುಚಿತು. ಥ್ಯಾಂಕ್ಸ್ ಎಂದು ಹೇಳಿ, ಕುಂಡವನ್ನು ಒಳಗೆ ತರದೆ ಹೊರಗಿನ ಮೆಟ್ಟಿಲ ಮೇಲೇ ಇಟ್ಟಳು.

ಮರುದಿನ ತಿಂಡಿಯ ಹೊತ್ತಿಗೆ ಆಕೆಯೇ ನಗುತ್ತಾ ವಿಷಯ ಹೇಳಿದಳು. ಅದು ಅಲ್ಲಿ ಗೋರಿಯ ಮೇಲಿಡುವ ಹೂವಂತೆ. ಅಂಗಡಿಯಲ್ಲಿ ಅಷ್ಟೊಂದು ಇದ್ದದ್ದು ಸತ್ತವರ ಹಬ್ಬಕ್ಕಂತೆ. “ನನ್ನನ್ನು ಇಷ್ಟು ಬೇಗ ಕಳಿಸುವ ಯೋಚನೆಯೇ?” ಎಂದಳು. ನಾನು ಕನ್ನಡದಲ್ಲಿ ಹೇಳಿದೊಡನೆ ಫಿಲೋಮಿನಾ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದೇ ನಕ್ಕಿದ್ದು. ನನಗೆ ನಗು ಬರಲಿಲ್ಲ. ದೇವರ ತಲೆಯ ಮೇಲಿಡುವ ಹೂವನ್ನು ಹೊಸಿಲು ದಾಟಿಸುವುದಿಲ್ಲ ಎಂದರೆ ಏನರ್ಥ ಎಂದು ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಗೊಣಗಿಕೊಂಡೆ.

ಕಾಫಿ ಕೊಡುವ ಚರ್ಚು

ಅದೇ ದಿನ ಊರೊಳಗೆ ನಡೆಯುತ್ತಿದ್ದಾಗ ಎತ್ತರದ ಗೋಪುರದ ಒಂದು ಚರ್ಚು ಕಂಡಿತು. ರೆಜಿನಕ್ಕ ಕೆಲಸಕ್ಕೆ ಹೋಗುವ ಮೊದಲು ಪೂಜೆಗೆ ಹೋಗುತ್ತಿದ್ದದ್ದು ಆಸ್ಪತ್ರೆಯ ಎದುರಿನ ಈ ಚರ್ಚಿಗೇ ಎಂದು ಅಕ್ಕನ ಹಳೇ ಕಾಗದಗಳ ನೆನಪಿನಿಂದ ಫಿಲೋಮಿನಾ ಗುರುತು ಹಿಡಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲು ದಾಟಿದವಳೇ ಒಂದು ಮಂಡಿಯೂರಿ ಶಿಲುಬೆಯ ಗುರುತು ಮಾಡಿದಳು. ತಲೆಯೆತ್ತಿದರೆ ಎದುರಿಗೆ ಏಪ್ರನ್ ಕಟ್ಟಿದ ಹೆಣ್ಣುಮಗಳೊಬ್ಬಳು ಟ್ರೇ ಹಿಡಿದು ನಿಂತಿದ್ದಾಳೆ. “ಇಬ್ಬರೇನಾ? ಕಿಟಕಿ ಪಕ್ಕ ಜಾಗ ಇದೆ,” ಎಂದಳು.

ಚರ್ಚು ಹೋಟೆಲಾಗಿತ್ತು. ಬೆಂಚುಗಳಿದ್ದ ಕಡೆ ಮೇಜು ಕುರ್ಚಿ. ಪೂಜಾವೇದಿಕೆ ಇದ್ದ ಕಡೆ ಕಾಫಿ ಯಂತ್ರ ಬುಸ್ಸೆನ್ನುತ್ತಿತ್ತು. ಬಣ್ಣದ ಗಾಜಿನೊಳಗೆ ಸಂತರು ಮಾತ್ರ ಹಾಗೇ ನಿಂತು ಕೇಕ್ ತಿನ್ನುವವರನ್ನು ನೋಡುತ್ತಿದ್ದರು.

ಹೀಗೆ ಮಾಡಬಹುದೇ ಎಂದು ನಾನು ಆ ಹುಡುಗಿಯನ್ನು ಕೇಳಿಯೇಬಿಟ್ಟೆ. ಆಕೆ ಇದನ್ನು ಸಾವಿರ ಸಲ ಹೇಳಿದವಳಂತೆ ಹೇಳಿದಳು. ಜನ ಬರುವುದು ನಿಂತುಹೋಯಿತು. ಬಿಷಪ್ ಬಂದು ಕೊನೆಯ ಪೂಜೆ ಮಾಡಿದರು, ಒಂದು ಆಜ್ಞೆ ಓದಿದರು, ವೇದಿಕೆಯ ಕಲ್ಲಿನೊಳಗಿದ್ದ ಸಂತನೊಬ್ಬನ ಮೂಳೆಯ ಚೂರನ್ನು ತೆಗೆದು ಮೆರವಣಿಗೆಯಲ್ಲಿ ಬೇರೆ ಚರ್ಚಿಗೆ ಒಯ್ದರು. ಅಲ್ಲಿಗೆ ಇದು ಬರೀ ಕಟ್ಟಡ.

ನನ್ನ ಮೈ ಉರಿಯಿತು. ನಮ್ಮ ತರೀಕೆರೆ ಪಕ್ಕದ ಅಮೃತಾಪುರದ ಗುಡಿಗೆ ಪುರಾತತ್ವ ಇಲಾಖೆಯವರು ಬೇಲಿ ಹಾಕಿ ಬೋರ್ಡು ನೆಟ್ಟು ಎಷ್ಟೋ ಕಾಲವಾಯಿತು. ಹಾಗೆಂದು ಒಳಗಿನ ದೀಪ ಆರಿಲ್ಲ. ಹೊರಗೆ ಮುಕ್ಕಾಗಿ ಬಿದ್ದ ಕಲ್ಲಿನ ಮೇಲೆ ಕೂತರೂ ದನ ಕಾಯುವ ಮುದುಕಿ “ಏಯ್, ಏಳೋ ಮ್ಯಾಕೆ” ಎಂದು ಗದರುತ್ತಾಳೆ. ಅಷ್ಟು ಜನ ಅತ್ತು, ಹಾಡಿ, ಮಕ್ಕಳಿಗೆ ಹೆಸರಿಟ್ಟು, ಹೆಣ ಇಳಿಸಿದ ಜಾಗದಿಂದ ದೇವರನ್ನು ಒಂದು ಕಾಗದ ಓದಿ ಎಬ್ಬಿಸಿ ಕಳಿಸಬಹುದೇ?

“ನೀನ್ಯಾಕೆ ಉರ್ಕೊಂತೀಯ? ನಮ್ಮ ಚರ್ಚು, ನಮಗಿಲ್ದಿರೋ ನೋವು ನಿಂಗ್ಯಾಕೆ?” ಎಂದಳು ಫಿಲೋಮಿನಾ.

“ನಿಂಗೆ ನೋವಿಲ್ವಾ?”

ಕಾಫಿ ಬಂತು. ಅವಳು ಊಟಕ್ಕೆ ಮುಂಚೆ ಮಾಡುವಂತೆ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿಕೊಂಡು ಕುಡಿದಳು. ನಾನು ಕುಡಿಯಲಿಲ್ಲ. ಆ ಕಾಫಿ ಚೆನ್ನಾಗಿತ್ತಂತೆ, ಅದೂ ನನಗೆ ಸಿಟ್ಟು ತಂದಿತು.

ಗೋಡೆ ಮತ್ತು ಸೊಟ್ಟ ಮರ

ಸ್ಮಶಾನ ಊರಾಚೆಯ ಇಳಿಜಾರಿನಲ್ಲಿತ್ತು. ಸ್ಮಶಾನ ಎಂದರೆ ನೀವು ನಮ್ಮ ಕಡೆಯ ಕಳ್ಳಿ, ಮುಳ್ಳು, ಒಡೆದ ಮಡಕೆ ನೆನೆಯಬೇಡಿ. ಅದೊಂದು ಉದ್ಯಾನ. ಪ್ರತಿ ಗೋರಿಯೂ ಒಂದು ಪುಟ್ಟ ಹೂತೋಟ, ಒಂದು ಕಸಕಡ್ಡಿ ಇಲ್ಲ. ಹಬ್ಬ ಹತ್ತಿರವಾದ್ದರಿಂದ ಮುದುಕ ಮುದುಕಿಯರು ಮಂಡಿಯೂರಿ ಕುರ್ಪಿ ಹಿಡಿದು ಕಳೆ ಕೀಳುತ್ತಿದ್ದರು. ನಲ್ಲಿಯ ಹತ್ತಿರ ಗಿಡಕ್ಕೆ ನೀರು ಹಾಕುವ ಹಸಿರು ಕ್ಯಾನುಗಳನ್ನು ಸಾಲಾಗಿ ತೂಗುಹಾಕಿದ್ದರು. ಸತ್ತವರನ್ನು ಇಷ್ಟು ಅಚ್ಚುಕಟ್ಟಾಗಿ ನೋಡಿಕೊಳ್ಳುವ ಜನ ಎಂದು ನಾನು ಮೆಚ್ಚಿ ಮಾತಾಡಿದ್ದೂ ಉಂಟು.

ಫಿಲೋಮಿನಾ ಫೋಟೊ ಕೈಯಲ್ಲಿ ಹಿಡಿದು ಗೋಡೆಯುದ್ದಕ್ಕೂ ನಡೆದಳು. ಇಟ್ಟಿಗೆ ಗೋಡೆ ಸಿಕ್ಕಿತು. ಸೊಟ್ಟ ಮರ ಸಿಕ್ಕಿತು, ಈಗ ದಪ್ಪವಾಗಿತ್ತು. ಮರದ ಬಲಕ್ಕೆ ಒಂದು ಗೋರಿ, ಮೇಲೆ ಹೊಳೆಯುವ ಕರಿ ಕಲ್ಲು. ಕಲ್ಲಿನ ಮೇಲೆ ಯಾರೋ ಗಂಡಸಿನ ಹೆಸರು.

ನಾವು ಸಾಲು ತಪ್ಪಿದ್ದೇವೆ ಎಂದುಕೊಂಡು ಹಿಂದಿನ ಸಾಲಿಗೆ ಹೋದೆವು, ಮುಂದಿನ ಸಾಲಿಗೆ ಹೋದೆವು. ಫೋಟೊವನ್ನು ಎತ್ತಿ ಹಿಡಿದು ಗೋಡೆಯ ಬಿರುಕಿಗೆ ಬಿರುಕು ತಾಳೆ ನೋಡಿದೆವು. ಜಾಗ ಅದೇ. ಕಲ್ಲು ಅದಲ್ಲ.

ಫಿಲೋಮಿನಾ ಮಂಡಿಯೂರಲೆಂದು ಊರಿಂದ ತಂದಿದ್ದ ಸಣ್ಣ ಚಾಪೆಯನ್ನು ಮತ್ತೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ.

ಕಚೇರಿ

ಸ್ಮಶಾನದ ಕಚೇರಿ ಗೇಟಿನ ಪಕ್ಕದಲ್ಲೇ ಇತ್ತು. ಕಿವಿಗೆ ಓಲೆ ಹಾಕಿದ್ದ ಯುವಕನೊಬ್ಬ ಎದ್ದು ನಿಂತು ಕುರ್ಚಿ ತೋರಿಸಿದ. ಅವನ ನಯವಿನಯ ಕಂಡರೇ ಈಗ ಮೈ ಉರಿಯುತ್ತದೆ, ನಯವಾಗಿ ಹೇಳಿದ ಮಾತಿಗೆ ತಿರುಗಿ ಬೈಯುವುದು ಕಷ್ಟ.

ಅವನು ಕಂಪ್ಯೂಟರಿನಲ್ಲಿ ಹುಡುಕಿ ಹೇಳಿದ್ದು, ನಾನು ಫಿಲೋಮಿನಾಗೆ ಕನ್ನಡದಲ್ಲಿ ಹೇಳಿದ್ದು ಇಷ್ಟು. ಅಲ್ಲಿ ಗೋರಿಯ ಜಾಗ ಯಾರಿಗೂ ಶಾಶ್ವತವಲ್ಲ, ಇಷ್ಟು ವರ್ಷ ಎಂದು ಇರುತ್ತದೆ. ಅವಧಿ ಮುಗಿದರೆ ಮನೆಯವರು ಬಂದು ಮುಂದುವರಿಸಬೇಕು. ರೆಜಿನಕ್ಕನ ಅವಧಿ ಮುಗಿಯಿತು. ಬಂಧುಗಳು ಕಚೇರಿಗೆ ಬನ್ನಿ ಎಂದು ಕಲ್ಲಿನ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿದರು. ವರ್ಷವಿಡೀ ಅದು ಅಲ್ಲಿತ್ತು. ಯಾರೂ ಬರಲಿಲ್ಲ.

“ಯಾರು ಬರಬೇಕಿತ್ತು?” ಎಂದೆ ನಾನು. “ಬೀರೂರು ಸ್ಟೇಷನ್ನಿನಲ್ಲಿ ನಿಂತರೆ ನಿಮ್ಮ ಸ್ಟಿಕ್ಕರ್ ಕಾಣಿಸುತ್ತದೆಯೇ?”

ಅವನಿಗೆ ನಿಜಕ್ಕೂ ಬೇಸರವಾಯಿತು. ಆಸ್ಪತ್ರೆಯವರ ವಿಳಾಸಕ್ಕೂ ತಿಳಿಸಿದ್ದರಂತೆ, ಅಷ್ಟರಲ್ಲಿ ಆ ಆಸ್ಪತ್ರೆಯೇ ಮುಚ್ಚಿತ್ತಂತೆ.

“ಅಸ್ಥಿ ಎಲ್ಲಿ?” ಎಂದು ಕೇಳಿದೆ.

“ಅಲ್ಲೇ ಇದೆ. ನಾವು ತೆಗೆಯುವುದಿಲ್ಲ. ಇನ್ನೂ ಸ್ವಲ್ಪ ಆಳಕ್ಕೆ ಇಳಿಸಿ, ಮೇಲೆ ಹೊಸಬರನ್ನು ಇಡುತ್ತೇವೆ.”

“ಕಲ್ಲು?”

ಅವನು ತಡವರಿಸಿದ. ಹಳೇ ಕಲ್ಲುಗಳನ್ನು ಪುಡಿ ಮಾಡಿಸುತ್ತಾರಂತೆ. ರಸ್ತೆಯ ಅಡಿಗೆ ಹಾಕಲು ಬರುತ್ತದಂತೆ.

ನಾನು ಇಂಗ್ಲಿಷ್ ಮರೆತೆ. ಕನ್ನಡದಲ್ಲಿ ಏನೇನು ಬೈದೆನೋ ನನಗೇ ನೆನಪಿಲ್ಲ. ಹಿರೇನಲ್ಲೂರಿನ ಹತ್ತಿರ ನಮ್ಮ ಹೊಲದಲ್ಲಿ ಮುತ್ತಜ್ಜನ ಗದ್ದುಗೆ ಇದೆ. ನಾವೂ ಹೂಳುವವರೇ. ಭಾಗವಾದಾಗ ಆ ಹೊಲದ ಖಾತೆ ಚಿಕ್ಕಪ್ಪನಿಗೆ ಹೋಯಿತು, ಚಿಕ್ಕಪ್ಪ ಅಜ್ಜಂಪುರದ ಈರುಳ್ಳಿ ವ್ಯಾಪಾರಿಗೆ ಮಾರಿದ. ಆ ವ್ಯಾಪಾರಿಗೆ ನಮ್ಮ ಮುತ್ತಜ್ಜ ಯಾರೋ ಏನೋ. ಆದರೂ ಅವನ ಟ್ರ್ಯಾಕ್ಟರು ಗದ್ದುಗೆಯನ್ನು ಬಳಸಿಕೊಂಡೇ ಹೋಗುತ್ತದೆ, ಅಲ್ಲೊಂದು ಈರುಳ್ಳಿ ಮಡಿ ಕಮ್ಮಿಯಾದರೂ ಪರವಾಗಿಲ್ಲ ಎನ್ನುತ್ತಾನೆ. ಅವನಿಗೆ ಯಾರೂ ಸ್ಟಿಕ್ಕರ್ ಅಂಟಿಸಿ ಹೇಳಿಕೊಟ್ಟದ್ದಲ್ಲ. ಈ ಊರಿನ ರೋಗಿಗಳ ಮಲಮೂತ್ರ ಬಾಚಿ, ಹುಣ್ಣು ತೊಳೆದು, ಕಣ್ಣು ಮುಚ್ಚಿಸಿ ಸವೆದುಹೋದ ಹೆಣ್ಣಿಗೆ ಆರಡಿ ಮಣ್ಣು ಬಿಟ್ಟುಕೊಡಲು ಇವರ ಕೈಲಾಗಲಿಲ್ಲ. ಸಂತನ ಮೂಳೆ ಚೂರಿಗೆ ಮೆರವಣಿಗೆ, ರೆಜಿನಕ್ಕನ ಮೂಳೆಯ ಮೇಲೆ ಬಾಡಿಗೆದಾರ!

“ನಡಿಯೇ ಹೋಗಾನ,” ಎಂದಳು ಫಿಲೋಮಿನಾ. ಆ ಯುವಕನಿಗೆ ಕೈ ಮುಗಿದು ಥ್ಯಾಂಕ್ಸ್ ಬೇರೆ ಹೇಳಿದಳು.

ಬೆಂಚು

ಗೇಟಿನ ಹೊರಗಿನ ಬೆಂಚಿನ ಮೇಲೆ ಕೂತು ನಾನು ಸಿಟ್ಟನ್ನೆಲ್ಲ ಅವಳ ಮೇಲೆ ಸುರಿದೆ.

“ಥ್ಯಾಂಕ್ಸ್ ಹೇಳ್ತೀಯಲ್ಲೇ, ನಾಚಿಕೆ ಆಗಲ್ವಾ? ನಿಮ್ಮಕ್ಕನ ತಲೆಗಲ್ಲು ರಸ್ತೆಗೆ ಹಾಕಿದಾರೆ. ನಾವು ಬಂದಿದ್ದು ಅದರ ಮೇಲೇ ನಡ್ಕೊಂಡು ಇರ್ಬೋದು.”

“ಏನ್ ಮಾಡಾದು ಹೇಳು? ಬೆಂಗಳೂರಲ್ಲೂ ಜಾಗ ಇಲ್ಲ ಅಂತ ಒಬ್ಬರ ಮೇಲೊಬ್ಬರನ್ನ ಹೂಳ್ತಾರೆ. ಮಣ್ಣಿಂದ ಬಂದೋರು ಮಣ್ಣಿಗೆ ಹೋಗ್ತೀವಿ ಅಂತ್ಲೇ ವಿಭೂತಿ ಬುಧವಾರ ನಮ್ಮ ಹಣೆಗೆ ಬೂದಿ ಹಚ್ಚಾದು. ಅವಳು ಎಲ್ಲವಳೆ ಅಂತ ದೇವ್ರಿಗೆ ಗೊತ್ತಿರತ್ತೆ. ಕೊನೇ ದಿನ ಹೆಸರು ಹಿಡಿದು ಎಬ್ಬಿಸ್ತಾನೆ.”

“ದೇವ್ರಿಗೆ ಗೊತ್ತಿದ್ರೆ ಸಾಕಾಗಿದ್ರೆ ನಾವ್ಯಾಕೆ ಇಷ್ಟು ದೂರ ಬಂದ್ವಿ? ಬೀರೂರಲ್ಲೇ ಮೇಣದ ಬತ್ತಿ ಹಚ್ಚಿ ಕೂರಬೋದಿತ್ತಲ್ಲ?”

ಅವಳು ಚಾಪೆಯ ಅಂಚು ಬಿಡಿಸಿ ಮತ್ತೆ ಸುತ್ತಿದಳು. ನನ್ನ ಬಾಯಿ ನಿಲ್ಲಲಿಲ್ಲ.

“ಜೀವಮಾನ ಪೂರ್ತಿ ಮದ್ವೆ ಬ್ಯಾಡ ಅಂತ ಒಬ್ಬಳೇ ಇದ್ದೋಳು. ಈಗ ಕೇಳ್ದೆ ಹೇಳ್ದೆ ಯಾರೋ ಗಂಡಸನ್ನ ತಂದು ಪಕ್ಕದಲ್ಲಲ್ಲ, ಮೇಲೇ ಮಲಗಿಸಿದಾರೆ!”

ಫಿಲೋಮಿನಾ ಕಿಸಕ್ಕನೆ ನಕ್ಕಳು. ನಗು ತಡೆಯಲಾರದೆ ಬೆಂಚಿನ ಮೇಲೆ ಬಗ್ಗಿದಳು. ನಾನೂ ನಕ್ಕೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಅವಳ ಬೆನ್ನು ಅಲುಗುತ್ತಲೇ ಇತ್ತು, ಅದು ನಗುವಾಗಿರಲಿಲ್ಲ. ನಾನು ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ. ಹಾದುಹೋಗುವವರು ನಮ್ಮ ಕಡೆ ನೋಡದೆ ದಾರಿ ಬದಲಿಸಿದರು. ಅಲ್ಲಿ ಅಳುವವರನ್ನು ಹಾಗೆ ಬಿಟ್ಟುಬಿಡುವುದೇ ಮರ್ಯಾದೆಯಂತೆ.

ಗೋರಿಗಳಿಗೆ ತೀರ್ಥ

ನವೆಂಬರ್ ಒಂದು, ಸತ್ತವರ ಹಬ್ಬದ ಹಿಂದಿನ ದಿನ, ಅಲ್ಲಿ ಸಕಲ ಸಂತರ ದಿನ. ಆ ಮಧ್ಯಾಹ್ನ ಊರಿಗೆ ಊರೇ ಸ್ಮಶಾನಕ್ಕೆ ಬರುತ್ತದೆ, ಪಾದ್ರಿಗಳು ಸಾಲಿನಿಂದ ಸಾಲಿಗೆ ನಡೆದು ಗೋರಿಗಳಿಗೆ ತೀರ್ಥ ಚಿಮುಕಿಸುತ್ತಾರೆ. ನಾನು ಬರುವುದಿಲ್ಲ ಎಂದೆ. ಆ ನಾಟಕ ನೋಡಿದರೆ ನನ್ನ ಬಾಯಿಂದ ಏನು ಬರುತ್ತದೋ ಹೇಳಲಾಗದು. ಫಿಲೋಮಿನಾ ಒಬ್ಬಳೇ ಹೊರಟದ್ದನ್ನು ಕಂಡು ಶಾಲು ಹೊದ್ದು ಹಿಂದೆಯೇ ಓಡಿದೆ.

ತುಂತುರು ಮಳೆ. ಎಲ್ಲರದೂ ಕಪ್ಪು ಕೋಟು, ಕಪ್ಪು ಕೊಡೆ. ಸೊಟ್ಟ ಮರದ ಹತ್ತಿರ ಆ ಕರಿ ಕಲ್ಲಿನವನ ಹೆಂಡತಿ, ವಯಸ್ಸಾದ ಎತ್ತರದ ಹೆಂಗಸು, ಮಗನ ತೋಳು ಹಿಡಿದು ನಿಂತಿದ್ದಳು. ಫಿಲೋಮಿನಾ ಅವರಿಗೆ ತಲೆಬಾಗಿ, ಅಲ್ಲಿನವರು ಹಚ್ಚುವಂಥದ್ದೇ ಕೆಂಪು ಗಾಜಿನ ದೀಪವೊಂದನ್ನು ಹಚ್ಚಿ ಗೋರಿಯ ಅಂಚಿನಲ್ಲಿಟ್ಟಳು. ಮಗ ಬಗ್ಗಿ ಅದನ್ನು ಎತ್ತಿ, ಅತ್ತಿತ್ತ ನೋಡಿ, ಓಡಾಡುವ ದಾರಿಯ ಮೇಲಿಟ್ಟ. ದಾರಿ ತಪ್ಪಿ ಬಂದ ಪರದೇಶಿ ಮುದುಕಿ ಎಂದುಕೊಂಡನೋ ಏನೋ. ಫಿಲೋಮಿನಾ ದೀಪವನ್ನೇ ನೋಡಿದಳು.

ಪಾದ್ರಿಗಳೊಬ್ಬರು ಬಂದರು. ಪಕ್ಕದಲ್ಲಿ ತೀರ್ಥದ ಬಕೆಟ್ಟು ಹಿಡಿದವನೊಬ್ಬ. ಅದರಲ್ಲಿ ಕುಂಚ ಅದ್ದಿ ಕರಿ ಕಲ್ಲಿನ ಕಡೆ ಬೀಸಿದರು, ತಾಯಿ ಮಗ ಶಿಲುಬೆಯ ಗುರುತು ಮಾಡಿಕೊಂಡರು, ಪಾದ್ರಿಗಳು ಮುಂದಿನ ಗೋರಿಗೆ ಹೊರಟರು.

“ಸ್ವಾಮೀ, ನಿಂತ್ಕಳಿ!”

ನಾನಲ್ಲ. ಫಿಲೋಮಿನಾ. ಆ ಗಂಟಲಿನಿಂದ ಅಂಥ ದನಿ ಬಂದದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಸುತ್ತಲಿನ ಕೊಡೆಗಳೆಲ್ಲ ಇತ್ತ ತಿರುಗಿದವು. ಅವಳು ಹೋಗಿ ಪಾದ್ರಿಗಳ ದಾರಿಗೆ ಅಡ್ಡ ನಿಂತಿದ್ದಳು.

“ಈಗ ಹಾಕಿದ್ದು ಮ್ಯಾಲಿರೋರಿಗೆ. ಕೆಳಗಿರೋಳಿಗೆ ಯಾರು ಹಾಕ್ತಾರೆ? ಕೇಳೇ ಗಿರಿಜಾ, ಕೇಳು ಅವರನ್ನ.”

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಈ ಗೋರಿಯ ಕೆಳಗೆ ಇವಳ ಅಕ್ಕ ರೆಜಿನಾ ಇದ್ದಾಳೆ, ನಿಮ್ಮೂರ ಆಸ್ಪತ್ರೆಯ ನರ್ಸ್ ಎಂದೂ ಸೇರಿಸಿದೆ. ಪಾದ್ರಿಗಳು ತಬ್ಬಿಬ್ಬಾದರು. ಆಶೀರ್ವಾದ ಇಲ್ಲಿ ಮಲಗಿರುವ ಎಲ್ಲರಿಗೂ ಸಲ್ಲುತ್ತದೆ, ದೇವರ ಮುಂದೆ ಮೇಲೆ ಕೆಳಗೆ ಎಂಬುದಿಲ್ಲ ಎಂದು ಸಮಾಧಾನವಾಗಿ ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

“ಎಲ್ಲರಿಗೂ ಅಂದ್ರೆ ಯಾರಿಗೂ ಅಲ್ಲ,” ಎಂದಳು ಫಿಲೋಮಿನಾ. “ಕಲ್ಲು ತಗದ್ರು, ಸುಮ್ನಿದ್ದೆ. ಜಾಗ ತಗದ್ರು, ಸುಮ್ನಿದ್ದೆ. ನಮ್ಮೂರಲ್ಲಿ ಸ್ವಾಮಿಗಳು ಒಂದು ಗೋರಿ ಮರೆತ್ರೆ ತೋಳು ಹಿಡ್ದು ಕರ್ಕಂಬತ್ತೀವಿ. ಹೆಸರು ಹೇಳಿ ಹಾಕ್ಬೇಕು. ಹಾಕೋವರ್ಗೂ ನಾ ಬಿಡಲ್ಲ.”

ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಕರಿ ಕಲ್ಲಿನವನ ಹೆಂಡತಿ ಏನೆಂದು ಕೇಳಿದಳು. ಪಾದ್ರಿಗಳು ಅವರ ಭಾಷೆಯಲ್ಲಿ ವಿವರಿಸಿದರು. ಆಕೆಯ ಮುಖ ಕೆಂಪಾಯಿತು. ಮಗನ ಮೇಲೆ ರೇಗಿದಳು, ಕಚೇರಿಯ ಕಡೆ ಕೈ ತೋರಿಸಿ ಮತ್ತೂ ರೇಗಿದಳು. ತನ್ನ ಗಂಡನ ಕೆಳಗೆ ಒಬ್ಬರಿದ್ದಾರೆಂದು ಆಕೆಗೂ ಯಾರೂ ಹೇಳಿರಲಿಲ್ಲವಂತೆ. ಮಗ ಏನೋ ಅಂದ. ಆಕೆ ಅವನ ತೋಳು ಬಿಟ್ಟು ಪಕ್ಕಕ್ಕೆ ಸರಿದು ಫಿಲೋಮಿನಾಗೆ ಜಾಗ ಬಿಟ್ಟಳು. ಆ ಇಡೀ ಪ್ರವಾಸದಲ್ಲಿ ನನ್ನಷ್ಟೇ ಸಿಟ್ಟಾದ ಜರ್ಮನ್ ಎಂದರೆ ಆ ಹೆಂಗಸೊಬ್ಬಳೇ.

ಪಾದ್ರಿಗಳು ವಾಪಸು ಬಂದರು. ಕುಂಚವನ್ನು ಅದ್ದಿ, “ರೆಜಿನಾ,” ಎಂದು ಕೈ ಎತ್ತಿದರು.

“ಯಾವ ರೆಜಿನಾ?” ಎಂದಳು ಫಿಲೋಮಿನಾ. “ಈ ಹೆಸರಿನೋರು ಇಲ್ಲಿ ಎಷ್ಟೋ ಜನ ಇರ್ತಾರೆ. ಬೀರೂರು ಅಂತೋಣಪ್ಪನ ಮಗಳು ರೆಜಿನಾ ಅನ್ನಬೇಕು.”

ನಾನು ಹೇಳಿಕೊಟ್ಟೆ. ಪಾದ್ರಿಗಳು ಎತ್ತಿದ ಕೈಯನ್ನು ಹಾಗೇ ಹಿಡಿದು, ಮಳೆಯಲ್ಲಿ ನಿಂತು, ಒಂದೊಂದೇ ಮಾತನ್ನು ನನ್ನ ಹಿಂದೆ ಹೇಳಿದರು. ಮೊದಲ ಸಲ ಅಪ್ಪನ ಹೆಸರು ಬಿಟ್ಟುಹೋಯಿತು. ಫಿಲೋಮಿನಾ ತಲೆಯಾಡಿಸಿದಳು. ಎರಡನೇ ಸಲ ಪೂರ್ತಿ ಹೇಳಿದರು. ಆ ಮಣ್ಣಿನ ಮೇಲೆ ಬೀರೂರು ಎಂಬ ಮಾತು ಬಿತ್ತು, ಅದರ ಮೇಲೆ ನೀರು ಬಿತ್ತು. ಫಿಲೋಮಿನಾ ಚಾಪೆ ಗೀಪೆ ಏನೂ ಇಲ್ಲದೆ ಒದ್ದೆ ಜಲ್ಲಿಯ ಮೇಲೇ ಮಂಡಿಯೂರಿ, ಅಮ್ಮನ ಪಾಲಿನದೂ ಸೇರಿಸಿಕೊಂಡು ಬಾಯಿಬಿಟ್ಟು ಅತ್ತಳು.

ಪಾದ್ರಿಗಳು ಕದಲದೆ ಅವಳನ್ನೇ ನೋಡುತ್ತಾ ನಿಂತಿದ್ದರು. ಸಾಲಿನಲ್ಲಿದ್ದ ಉಳಿದವರೂ ಕಾಯುತ್ತಿದ್ದರು. ಬಹಳ ಹೊತ್ತಿನ ಮೇಲೆ ಫಿಲೋಮಿನಾ ಮೂಗು ಒರೆಸಿಕೊಂಡು ತಲೆಯೆತ್ತಿದಳು.

“ಈಗ ಮುಂದಕ್ಕೆ ಹೋಗ್ಲಿ ಅನ್ನು,” ಎಂದಳು.

ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಬೇಕಾಗಲಿಲ್ಲ. ಅವರು ಅವಳಿಗೆ ತಲೆಬಾಗಿ ಮುಂದಿನ ಗೋರಿಗೆ ಹೋದರು.